ಮೂವರ ತರಗತಿಯ ಚಿನ್ನದ ಪದಕ

ಪ್ರವೇಶದ ಕಾಲ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಜಾಡೇ ಬದಲಾಗುತ್ತದೆ. ಈ ಸಲ ಅರ್ಧಕ್ಕೂ ಹೆಚ್ಚು ಪತ್ರಗಳು ಸಣ್ಣ ವಿಶ್ವವಿದ್ಯಾಲಯಗಳ ಬಗ್ಗೆಯೇ ಇವೆ: ಒಂದೇ ವಿಷಯಕ್ಕೆಂದು ಕಟ್ಟಿದವು, ಜಿಲ್ಲೆಗೊಂದರಂತೆ ಹುಟ್ಟಿದವು, ಬಸ್ಸಿನಿಂದ ಇಳಿದ ಮೇಲೂ ಒಂದು ಮೈಲಿ ನಡೆಯಬೇಕಾದವು. ನಾನು ಪಾಠ ಮಾಡಿದ್ದೂ ಅಂಥದ್ದರಲ್ಲೇ, ಆಮೇಲೆ ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿಗಳಿಗೆ ಸಹಿ ಹಾಕುತ್ತ ಕುಳಿತದ್ದೂ ಅಂಥದ್ದರಲ್ಲೇ. ಒಂದಿಷ್ಟು ಪಕ್ಷಪಾತ ಇದ್ದೀತು. ಓದುವವರು ಅದನ್ನು ಕಳೆದು ಓದಲಿ.

ಪ್ರಶ್ನೆ: ಮಗಳು ಬಿ.ಎ. ಮುಗಿಸಿದ್ದಾಳೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಧಾರವಾಡದಲ್ಲಿ ಅಷ್ಟು ಹಳೆಯ ವಿಶ್ವವಿದ್ಯಾಲಯ ಇರುವಾಗ ಇದೇಕೆ ಎಂಬುದು ನನ್ನ ವಾದ. ಸಣ್ಣ ವಿಶ್ವವಿದ್ಯಾಲಯದ ಪದವಿಗೆ ಹೊರಗೆ ಬೆಲೆ ಇದೆಯೇ?
— ಒಬ್ಬ ತಂದೆ, ರಾಣೆಬೆನ್ನೂರು

ಉತ್ತರ: ಕಾನೂನಿನ ಲೆಕ್ಕದಲ್ಲಿ ಸಣ್ಣದು, ದೊಡ್ಡದು ಎಂಬ ಭೇದವೇ ಇಲ್ಲ. ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಂ ಹೇಳುತ್ತದೆ. ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಆ ಅಧಿಕಾರ ಪಡೆದೇ ಹುಟ್ಟಿರುತ್ತದೆ. 1949ರಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎ.ಯೂ ಅದೇ, 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯದ ಎಂ.ಎ.ಯೂ ಅದೇ. ಅರ್ಜಿ ಪರಿಶೀಲಿಸುವ ಗುಮಾಸ್ತರು ಕಟ್ಟಡದ ವಯಸ್ಸು ಕೇಳುವುದಿಲ್ಲ.

ಆದರೆ ವಿಷಯದ ಹೆಸರು ಕೇಳುತ್ತಾರೆ. ನಿಮ್ಮ ವಾದಕ್ಕಿಂತ ದೊಡ್ಡ ಪ್ರಶ್ನೆ ಇರುವುದು ಅಲ್ಲಿ. ಮಗಳು ಮುಂದೆ ಪಿಯು ಕಾಲೇಜಿನಲ್ಲೋ ಪದವಿ ಕಾಲೇಜಿನಲ್ಲೋ ಕನ್ನಡ ಕಲಿಸಬೇಕೆಂದಿದ್ದರೆ, ನೇಮಕಾತಿ ಅಧಿಸೂಚನೆಯಲ್ಲಿ ಯಾವ ವಿಷಯದ ಎಂ.ಎ. ಎಂದು ಬರೆದಿದೆ ಎಂಬುದನ್ನು ಈಗಲೇ ಓದಿಸಿ. ಕನ್ನಡ ಎಂದು ಕೇಳಿದ ಕಡೆ ಜಾನಪದ ಎಂದಿರುವ ಅಂಕಪಟ್ಟಿ ಹಿಡಿದು ನಿಂತವರ ಪಾಡನ್ನು ನಾನು ಬಲ್ಲೆ. ತತ್ಸಮಾನ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ, ಅದನ್ನು ಕೊಡಬೇಕಾದವರು ಅಧಿಸೂಚನೆ ತನ್ನಿ ಎನ್ನುತ್ತಾರೆ, ನಡುವೆ ಅರ್ಜಿಯ ಕೊನೆಯ ದಿನ ಕಳೆದುಹೋಗುತ್ತದೆ. ಜಾನಪದದಲ್ಲೇ ಮುಂದುವರಿದು ಸಂಶೋಧನೆ ಮಾಡುವ ಇರಾದೆಯಿದ್ದರೆ ಮಾತು ಬೇರೆ. ಅಧ್ಯಾಪಕರಾಗುವ ಅರ್ಹತೆಗೆಂದು ನಡೆಸುವ ನೆಟ್ ಪರೀಕ್ಷೆಯಲ್ಲಿ ಜನಪದ ಸಾಹಿತ್ಯವೇ ಒಂದು ಪ್ರತ್ಯೇಕ ವಿಷಯ. ಇಡೀ ವಿಶ್ವವಿದ್ಯಾಲಯವೇ ಜಾನಪದಕ್ಕೆಂದು ಇರುವುದು ದೇಶದಲ್ಲೇ ಅಪರೂಪ. ಹಟಕ್ಕೆ ಕಾರಣವಿಲ್ಲದೆ ಇಲ್ಲ.

ಇನ್ನು ಹೊರಗಿನ ಬೆಲೆ. ಗೇಟಿನ ಮೇಲಿನ ಹೆಸರಿಗಿಂತ ವಿಭಾಗದಿಂದ ಬರುವ ಬೆಲೆ ಹೆಚ್ಚು ಕಾಲ ಬಾಳುತ್ತದೆ. ಅದನ್ನು ತಿಳಿಯಲು ಒಂದೇ ದಾರಿ: ಸಂಬಂಧ ನೋಡುವವರು ಹೇಳದೆ ಕೇಳದೆ ಮನೆಗೆ ಹೋಗಿ ಬರುತ್ತಾರಲ್ಲ, ಹಾಗೆ ಮಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬನ್ನಿ. ಭಾನುವಾರ ಬೇಡ, ಸಮಾರಂಭದ ದಿನ ಖಂಡಿತ ಬೇಡ. ವಾರದ ನಡುವೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಊಟದ ನಂತರ ವಿಭಾಗದಲ್ಲಿ ಯಾರಾದರೂ ಉಳಿದಿದ್ದಾರೆಯೇ ನೋಡಿ. ಸೂಚನಾ ಫಲಕದ ಮುಂದೆ ನಿಂತು, ಇತ್ತೀಚಿನ ಸೂಚನೆ ಯಾವ ತಾರೀಖಿನದು ಎಂದು ಓದಿ. ಕಳೆದ ವರ್ಷದ ವಿಚಾರ ಸಂಕಿರಣದ ಕರಪತ್ರ ಇನ್ನೂ ಅಲ್ಲೇ ಬಿಸಿಲಿಗೆ ಬಣ್ಣ ಕಳೆದುಕೊಂಡು ನೇತಾಡುತ್ತಿದ್ದರೆ ಅದೂ ಒಂದು ಉತ್ತರವೇ.

ಆಮೇಲೆ ಗ್ರಂಥಾಲಯ. ಬಾಗಿಲ ಬಳಿಯ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಇರುತ್ತದೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಹೆಸರು ಬರೆಯುವ ನೆಪದಲ್ಲಿ ಹಿಂದಿನ ನಾಲ್ಕು ಪುಟ ತಿರುವಿ. ದಿನಕ್ಕೆ ಎಷ್ಟು ಜನ ಬಂದಿದ್ದಾರೆ, ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಸಂಜೆ ಏಳರವರೆಗೆ ಸಹಿಗಳಿದ್ದರೆ ಆ ವಿಶ್ವವಿದ್ಯಾಲಯ ಉಸಿರಾಡುತ್ತಿದೆ ಎಂದು ತಿಳಿಯಿರಿ. ನಾಲ್ಕೂವರೆಗೆ ಎಲ್ಲರ ಸಹಿಯೂ ಒಂದೇ ಶಾಯಿಯಲ್ಲಿ ಮುಗಿದಿದ್ದರೆ ಅದನ್ನೂ ಗಮನಿಸಿ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಟ್ಟ ಶ್ರೇಣಿಯನ್ನೂ ನೋಡಬಹುದು, ಆದರೆ ಅದನ್ನೇ ಹಿಡಿದುಕೊಂಡು ಕೂರಬೇಡಿ. ನಾಲ್ಕು ಅಂಕಗಳಿಗೆ ಕೊಡುವ ಆ ಶ್ರೇಣಿಯಲ್ಲಿ 3.51 ದಾಟಿದರೆ ಎ ಪ್ಲಸ್ ಪ್ಲಸ್, 2.76ರಿಂದ 3ರವರೆಗೆ ಬಿ ಪ್ಲಸ್ ಪ್ಲಸ್. ಅದು ಇಡೀ ಸಂಸ್ಥೆಗೆ ಸಿಕ್ಕ ಶ್ರೇಣಿ, ನಿಮ್ಮ ಮಗಳು ಸೇರುವ ವಿಭಾಗಕ್ಕೆ ಸಿಕ್ಕದ್ದಲ್ಲ. ಸಾಮಾನ್ಯವಾಗಿ ಐದು ವರ್ಷ ಊರ್ಜಿತ. ಹಾಗಾಗಿ ಶ್ರೇಣಿಯ ಜೊತೆ ತಾರೀಖನ್ನೂ ಓದಿ.

ಪರೀಕ್ಷಾ ವಿಭಾಗದಲ್ಲಿದ್ದವಳಾಗಿ ಒಂದು ಮಾತು ಸೇರಿಸುತ್ತೇನೆ. ನೂರಾರು ಕಾಲೇಜುಗಳನ್ನು ಸಂಯೋಜಿಸಿಕೊಂಡ ದೊಡ್ಡ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ವರ್ಷವಿಡೀ ಬಿ.ಎ., ಬಿ.ಕಾಂ. ಉತ್ತರಪತ್ರಿಕೆಗಳಲ್ಲಿ ಮುಳುಗಿರುತ್ತದೆ. ಸಂಯೋಜಿತ ಕಾಲೇಜುಗಳ ಹೊರೆಯಿಲ್ಲದ ಸಣ್ಣ ವಿಶ್ವವಿದ್ಯಾಲಯದಲ್ಲಿ ಒಂದು ವಿಷಯದ ಉತ್ತರಪತ್ರಿಕೆಗಳೆಲ್ಲ ಒಂದೇ ಕಬ್ಬಿಣದ ಬೀರುವಿನಲ್ಲಿ ಹಿಡಿಸುತ್ತವೆ. ಅಲ್ಲಿ ಫಲಿತಾಂಶ ತಡವಾಯಿತೆಂದರೆ ಪತ್ರಿಕೆಗಳು ಹೆಚ್ಚಾದವು ಎಂಬ ನೆಪ ನಡೆಯದು. ‘ಕಳೆದ ಸೆಮಿಸ್ಟರ್‌ನ ಅಂಕಪಟ್ಟಿ ಕೈಗೆ ಬಂತೇ?’ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಪ್ರಾಧ್ಯಾಪಕರನ್ನು ಕೇಳಿ ಪ್ರಯೋಜನವಿಲ್ಲ, ನಾವೆಲ್ಲ ‘ಇನ್ನೊಂದು ವಾರ’ ಎಂದೇ ಹೇಳುವವರು.

ಪ್ರಶ್ನೆ: ಮೇಡಂ, ಎಂ.ಎ.ಯಲ್ಲಿ ನನಗೆ ಚಿನ್ನದ ಪದಕ ಬಂದಿದೆ. ನಮ್ಮ ತರಗತಿಯಲ್ಲಿ ಇದ್ದದ್ದು ಮೂವರೇ. ‘ಮೂವರಲ್ಲಿ ಮೊದಲು ಬರುವುದು ಏನು ಮಹಾ’ ಎಂದು ಸೋದರಮಾವ ಎಲ್ಲರ ಎದುರಿಗೆ ನಕ್ಕರು. ಸಂದರ್ಶನಗಳಲ್ಲಿ ಪದಕದ ಬಗ್ಗೆ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತಿದೆ.
— ಚಿನ್ನದ ಹುಡುಗಿ, ಹೊಸಪೇಟೆ

ಉತ್ತರ: ನಿನ್ನ ಸೋದರಮಾವನಿಗೆ ಲೆಕ್ಕ ಬರುತ್ತದೆ, ಪರೀಕ್ಷೆ ಗೊತ್ತಿಲ್ಲ. ಮೂವರ ತರಗತಿಯಲ್ಲಿ ಎರಡು ವರ್ಷ ಕುಳಿತು ನೋಡಲಿ. ನಲವತ್ತು ಜನರಿರುವ ಕಡೆ ಓದದೆ ಬಂದವರು ಹಿಂದಿನ ಬೆಂಚಿಗೆ ಸರಿದು ಮರೆಯಾಗಬಹುದು. ಮೂವರಿರುವ ಕಡೆ ಹಿಂದಿನ ಬೆಂಚೇ ಇಲ್ಲ. ವಾರಕ್ಕೊಂದು ಸೆಮಿನಾರ್ ಎಂದರೆ ಮೂರು ವಾರಕ್ಕೊಮ್ಮೆ ಸರದಿ ನಿನ್ನದೇ. ‘ನಿನ್ನೆ ಹೇಳಿದ ಅಧ್ಯಾಯ ಓದಿದಿರಾ?’ ಎಂದು ಅಧ್ಯಾಪಕರು ಕೇಳಿದರೆ ತಪ್ಪಿಸಿಕೊಳ್ಳಲು ಇನ್ನಿಬ್ಬರೇ ಆಸರೆ, ಆ ಇಬ್ಬರೂ ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಪದಕ ಹೇಗೆ ಬರುತ್ತದೆಂದು ಅವರಿಗೆ ಹೇಳು. ಯಾರೋ ದಾನಿಗಳು, ಹೆಚ್ಚಾಗಿ ತೀರಿಕೊಂಡ ತಂದೆತಾಯಿಯರ ಹೆಸರಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಒಂದು ದತ್ತಿ ಠೇವಣಿ ಇಟ್ಟಿರುತ್ತಾರೆ. ಅದರ ಬಡ್ಡಿಯಿಂದ ವರ್ಷಕ್ಕೊಂದು ಪದಕ. ಠೇವಣಿ ಇಟ್ಟಾಗ ಸಾಕಾಗುತ್ತಿದ್ದ ಬಡ್ಡಿ ಇಂದಿನ ಚಿನ್ನದ ಬೆಲೆಯ ಮುಂದೆ ಏನೇನೂ ಅಲ್ಲ. ಆದ್ದರಿಂದಲೇ ಬಹುಪಾಲು ಪದಕಗಳು ಚಿನ್ನದ ನೀರು ಕುಡಿಸಿದ ಬೆಳ್ಳಿ. ಅದನ್ನು ಅಕ್ಕಸಾಲಿಗನ ಬಳಿ ಒಯ್ದು ಪರೀಕ್ಷಿಸುವ ಸಂಬಂಧಿಕರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ನಿಮ್ಮ ಮನೆಯಲ್ಲಿಯೂ ಇದ್ದರೆ ಗಾಬರಿಯಾಗಬೇಡ. ಪದಕಕ್ಕೆ ನಿಯಮಗಳಿವೆ. ಸಾಮಾನ್ಯವಾಗಿ ಎಲ್ಲ ಸೆಮಿಸ್ಟರ್‌ಗಳನ್ನೂ ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಸ್ನಾತಕೋತ್ತರ ಉತ್ತರಪತ್ರಿಕೆಯನ್ನು ಒಳಗಿನವರೊಬ್ಬರು, ಹೊರಗಿನವರೊಬ್ಬರು ನೋಡುವ ಪದ್ಧತಿ ಹಲವು ಕಡೆ ಇದೆ. ಇಬ್ಬರ ಅಂಕಗಳ ನಡುವೆ ದೊಡ್ಡ ಅಂತರ ಬಂದರೆ ಪತ್ರಿಕೆ ಮೂರನೆಯವರ ಬಳಿಗೆ ಹೋಗುತ್ತದೆ. ಆ ಹೊರಗಿನವರಿಗೆ ನಿನ್ನ ಹೆಸರು ಗೊತ್ತಿಲ್ಲ, ತರಗತಿಯಲ್ಲಿ ಮೂವರೆಂಬುದೂ ಗೊತ್ತಿಲ್ಲ. ಅವರ ಕೈಗೆ ಸಿಕ್ಕಿದ್ದು ಒಂದು ಸಂಕೇತ ಸಂಖ್ಯೆ ಮತ್ತು ನಿನ್ನ ಬರವಣಿಗೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು. ಸಂದರ್ಶನದ ಮೇಜಿನ ಆಚೆ ಕುಳಿತವರು ಪದಕ ನೋಡಿ ತಲೆದೂಗುತ್ತಾರೆ, ಅಷ್ಟೇ. ಮುಂದಿನ ಪ್ರಶ್ನೆ ‘ನಿಮ್ಮ ಕಿರುಪ್ರಬಂಧ ಯಾವುದರ ಮೇಲೆ?’ ಎಂದೇ ಬರುತ್ತದೆ. ನಾನು ಆ ಕಡೆ ಕುಳಿತಾಗ ಎಷ್ಟೋ ಪದಕವಿಜೇತರು ಅಲ್ಲಿ ತಡವರಿಸಿದ್ದನ್ನು ಕಂಡಿದ್ದೇನೆ. ಕಿರುಪ್ರಬಂಧಕ್ಕಾಗಿ ಯಾವ ಊರಿಗೆ ಹೋದೆ, ಯಾರನ್ನು ಮಾತನಾಡಿಸಿದೆ, ನಿನ್ನ ಊಹೆ ಎಲ್ಲಿ ತಲೆಕೆಳಗಾಯಿತು ಎಂಬುದನ್ನು ಎರಡು ನಿಮಿಷದಲ್ಲಿ ಹೇಳಲು ರೂಢಿ ಮಾಡಿಕೋ. ಪರಿಚಯ ಪತ್ರದಲ್ಲಿ ಪದಕವನ್ನು ಒಂದು ಸಾಲಿನಲ್ಲಿ ಬರೆ, ಕಿರುಪ್ರಬಂಧಕ್ಕೆ ಮೂರು ಸಾಲು ಕೊಡು.

ಘಟಿಕೋತ್ಸವದ ಹಿಂದಿನ ದಿನ ತಾಲೀಮು ಇರುತ್ತದೆ, ತಪ್ಪಿಸಬೇಡ. ವೇದಿಕೆಯ ಮೇಲೆ ಕುಲಾಧಿಪತಿಗಳ ಜಾಗದಲ್ಲಿ ಯಾರೋ ಸಹಾಯಕ ಕುಲಸಚಿವರು ನಿಂತಿರುತ್ತಾರೆ. ಎಡಗಡೆಯಿಂದ ಹತ್ತಿ, ಬಲಗಡೆಯಿಂದ ಇಳಿ, ಪದಕ ಕೊರಳಿಗೆ ಬಿದ್ದ ಕೂಡಲೇ ಫೋಟೊಗೆ ತಿರುಗು, ಅಲ್ಲೇ ನಿಂತು ಹರಟಬೇಡ ಎಂದು ಹತ್ತು ಸಲ ಹೇಳಿಸುತ್ತಾರೆ. ಮರುದಿನ ಎಲ್ಲರೂ ಬಲಗಡೆಯಿಂದಲೇ ಹತ್ತುತ್ತಾರೆ. ಸೋದರಮಾವನಿಗೂ ಒಂದು ಪಾಸು ಕೊಡಿಸು. ಮುಂದಿನ ಸಾಲಿನಲ್ಲೇ ಕೂರಲಿ.

ಪ್ರಶ್ನೆ: ನನ್ನ ತಂಗಿ ಹೊಸ ಜಿಲ್ಲಾ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದಾಳೆ. ಅದನ್ನು ಮುಚ್ಚುತ್ತಾರೆಂದು ಸುದ್ದಿ ಓದಿದಾಗಿನಿಂದ ಮನೆಯಲ್ಲಿ ನಿದ್ದೆಯಿಲ್ಲ. ಮುಚ್ಚಿದರೆ ಅವಳ ಪದವಿ ಏನಾಗುತ್ತದೆ?
— ಅಣ್ಣ, ಚಾಮರಾಜನಗರ ಜಿಲ್ಲೆ

ಉತ್ತರ: ಹಿನ್ನೆಲೆ ತಿಳಿಯದವರಿಗಾಗಿ ಎರಡು ಸಾಲು. 2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ ಎಂದು ಏಳು ಹೊಸ ವಿಶ್ವವಿದ್ಯಾಲಯಗಳು ಬಂದವು. ಹೆಚ್ಚಿನವು ಹಳೆಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೇಂದ್ರಗಳಿಗೆ ಹೊಸ ಫಲಕ ಹಾಕಿ ಶುರುವಾದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಣವಿಲ್ಲ, ಜಾಗವಿಲ್ಲ ಎಂಬ ಕಾರಣಕ್ಕೆ ಇವುಗಳ ಜೊತೆಗೆ ಆಸುಪಾಸಿನ ವರ್ಷಗಳಲ್ಲಿ ಹುಟ್ಟಿದ ಇನ್ನು ಕೆಲವು ಹೊಸ ವಿಶ್ವವಿದ್ಯಾಲಯಗಳನ್ನೂ ಲೆಕ್ಕಕ್ಕೆ ಹಿಡಿದು, ಅವುಗಳ ಪೈಕಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ನಿಮ್ಮ ನಿದ್ದೆ ಕೆಟ್ಟದ್ದು ಆ ಸುದ್ದಿಯಿಂದ.

ಶಿಫಾರಸೇ ಆದೇಶವಲ್ಲ. ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯವನ್ನು ಮುಚ್ಚಲು ಕಾಯ್ದೆಯೇ ಬೇಕು. ಅಂಥ ಕಾಯ್ದೆ ತರುವಾಗ ವಿದ್ಯಾರ್ಥಿಗಳು ಯಾವ ವಿಶ್ವವಿದ್ಯಾಲಯದ ಪಾಲಿಗೆ, ದಾಖಲೆಗಳು ಯಾರ ಸುಪರ್ದಿಗೆ ಎಂಬುದನ್ನೂ ಬರೆಯಲೇಬೇಕಾಗುತ್ತದೆ. ಈಗಾಗಲೇ ಕೊಟ್ಟ ಪದವಿ ಹಿಂದಿನ ದಿನಾಂಕದಿಂದ ಸತ್ತುಹೋಗುವುದಿಲ್ಲ. ವಿಶ್ವವಿದ್ಯಾಲಯಗಳು ಒಡೆದದ್ದನ್ನಂತೂ ನಾವು ನೋಡಿದ್ದೇವೆ. 2009ರಲ್ಲಿ ಕುವೆಂಪು ವಿಶ್ವವಿದ್ಯಾಲಯದಿಂದ ದಾವಣಗೆರೆ ಬೇರೆಯಾಯಿತು, 2017ರ ಹೊತ್ತಿಗೆ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ವಿದ್ಯಾರ್ಥಿಗಳಿಗೆ ಓಡಾಟ ಹೆಚ್ಚಾಯಿತು, ಪದವಿ ಕೈತಪ್ಪಲಿಲ್ಲ.

ಆ ಓಡಾಟವೇ ನಿಜವಾದ ತೊಂದರೆ. ದಾಖಲೆಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಲಾರಿಯಲ್ಲಿ ಹೋಗುವಾಗ ಯಾವ ಕಟ್ಟು ಎಲ್ಲಿ ಸೇರಿತೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ತಂಗಿಗೆ ಹೇಳಿ: ಪ್ರವೇಶದ ಆದೇಶ, ಶುಲ್ಕದ ರಸೀದಿಗಳು, ಪ್ರತಿ ಪರೀಕ್ಷೆಯ ಪ್ರವೇಶಪತ್ರ, ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ, ಒಂದನ್ನೂ ಬಿಡದೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಲಿ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಬಂದಿದೆಯೇ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಪಾಸಾದ ವಿಷಯಗಳ ಕ್ರೆಡಿಟ್‌ಗಳು ಏರಿವೆಯೇ ಎಂದು ಸೆಮಿಸ್ಟರ್‌ಗೊಮ್ಮೆ ನೋಡಲಿ. ಏರಿರದಿದ್ದರೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ. ಬಾಯಿಮಾತಿನಲ್ಲಿ ‘ಆಗುತ್ತದಮ್ಮ’ ಎಂದದ್ದಕ್ಕೆ ಮೊಹರು ಇರುವುದಿಲ್ಲ.

ಮನೆಯ ಹತ್ತಿರ ವಿಶ್ವವಿದ್ಯಾಲಯ ಬಂದದ್ದರಿಂದಲೇ ಎಂ.ಎ. ಸೇರಿದ ಹೆಣ್ಣುಮಕ್ಕಳು ಎಷ್ಟಿದ್ದಾರೆಂದು ಯಾವ ಉಪಸಮಿತಿಯಾದರೂ ಒಮ್ಮೆ ಎಣಿಸಲಿ ಎಂಬ ಆಸೆ ನನಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಸ್ಸೂ ಉಚಿತವಾದ ಮೇಲೆ ಬೆಳಿಗ್ಗೆ ಬಂದು ಸಂಜೆ ಮನೆ ಸೇರುವವರಿಗೆ ಓದಿನ ಖರ್ಚು ಒಂದಿಷ್ಟು ಇಳಿದಿದೆ. ಕ್ಯಾಂಪಸ್ಸು ನೂರು ಕಿಲೋಮೀಟರ್ ದೂರ ಸರಿದರೆ ಅಂಥವರಲ್ಲಿ ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಹಾಗೆಂದು ಖಾಯಂ ಅಧ್ಯಾಪಕರೇ ಇಲ್ಲದ, ಪ್ರಯೋಗಾಲಯವೇ ಇಲ್ಲದ ವಿಶ್ವವಿದ್ಯಾಲಯ ಸಾಕು ಎಂದು ನಾನು ವಾದಿಸುವುದಿಲ್ಲ. ಹುಟ್ಟಿಸುವಾಗಲೇ ಹಣ ಇಟ್ಟು ಹುಟ್ಟಿಸಬೇಕಿತ್ತು.

ಪ್ರಶ್ನೆ: ಸಣ್ಣ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವ ಆಸೆ. ಅಲ್ಲಿ ನನ್ನ ವಿಷಯಕ್ಕೆ ಮಾರ್ಗದರ್ಶಕರು ಇರುವುದೇ ಇಬ್ಬರು. ಹೇಗೆ ಆರಿಸಲಿ? ಇಬ್ಬರ ಬಳಿಯೂ ಹೋಗಿ ಮಾತನಾಡಿದರೆ ಒಬ್ಬರಿಗೆ ಬೇಸರವಾಗುತ್ತದೆ ಎನ್ನುತ್ತಾರೆ ಸ್ನೇಹಿತರು.
— ಸಂಶೋಧನಾಸಕ್ತ, ಸಿಂಧನೂರು

ಉತ್ತರ: ಬೇಸರವಾಗುವವರಿಗೆ ಆಗಲಿ, ಆರು ವರ್ಷ ಅವರ ಕೈಯಲ್ಲಿ ಇರಬೇಕಾದವರು ನೀವು. ಆದರೆ ಮಾತನಾಡಲು ಹೋಗುವ ಮೊದಲು ಮನೆಯಲ್ಲೇ ಕುಳಿತು ಮಾಡುವ ಕೆಲಸವೊಂದಿದೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಸಂಗ್ರಹಿಸಿಟ್ಟಿದ್ದಾರೆ, ಓದಲು ಶುಲ್ಕವಿಲ್ಲ. ಆ ಇಬ್ಬರ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಬಂದ ಪ್ರಬಂಧಗಳ ಪರಿವಿಡಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ‘ಇಂಥ ತಾಲೂಕಿನ ಜನಪದ ಆಚರಣೆಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆ, ಮೊದಲ ಅಧ್ಯಾಯ ತಾಲೂಕಿನ ಭೌಗೋಳಿಕ ಹಿನ್ನೆಲೆ, ಎರಡನೆಯದು ಐತಿಹಾಸಿಕ ಹಿನ್ನೆಲೆ, ಕೊನೆಯದು ಸಮಾರೋಪ. ನಾಲ್ಕು ಪ್ರಬಂಧಗಳಲ್ಲಿ ತಾಲೂಕಿನ ಹೆಸರು ಮಾತ್ರ ಬದಲಾಗಿದ್ದರೆ ಐದನೆಯ ತಾಲೂಕು ನಿಮ್ಮದಾಗಿರುತ್ತದೆ. ಪರಿವಿಡಿಗಳು ಒಂದಕ್ಕೊಂದು ಹೋಲದೆ ಇದ್ದರೆ ಆ ಮಾರ್ಗದರ್ಶಕರು ವಿದ್ಯಾರ್ಥಿಯ ಮಾತು ಕೇಳುವವರು. ಅರಿಕೆಯ ಪುಟವನ್ನೂ ಓದಿ. ಮಾರ್ಗದರ್ಶಕರ ಶ್ರೀಮತಿಯವರಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ನಮಸ್ಕಾರ ಇದ್ದು, ಗ್ರಂಥಪಾಲಕರ ಹೆಸರೇ ಇಲ್ಲದಿದ್ದರೆ ಏನು ನಡೆದಿರಬಹುದೆಂದು ಊಹಿಸಿಕೊಳ್ಳಿ.

ನಿಯಮಗಳೂ ನಿಮ್ಮ ಆಯ್ಕೆಯನ್ನು ಕಿರಿದಾಗಿಸುತ್ತವೆ. ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲದಲ್ಲಿ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಣ್ಣ ವಿಶ್ವವಿದ್ಯಾಲಯದಲ್ಲಿ ಈ ಕೊನೆಯ ಮಾತೇ ನಿರ್ಣಾಯಕ. ಇಬ್ಬರಲ್ಲಿ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದರೆ ಇಬ್ಬರು ಎಂಬ ಲೆಕ್ಕವೇ ತಪ್ಪು. ಖಾಲಿ ಸ್ಥಾನ ಎಷ್ಟಿದೆಯೆಂದು ವಿಭಾಗದಲ್ಲಿ ನೇರವಾಗಿ ಕೇಳಿ, ಕೇಳುವುದು ಉದ್ಧಟತನವಲ್ಲ.

ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೂ ಅಂಗವಿಕಲರಿಗೂ ಅದರ ಮೇಲೆ ಮತ್ತೆರಡು. ಶುರುವಿನಲ್ಲಿ ಓದಬೇಕಾದ ಪಾಠಗಳು, ಅಂದರೆ ಕೋರ್ಸ್‌ವರ್ಕ್, ಕನಿಷ್ಠ 12 ಕ್ರೆಡಿಟ್. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು, ಆಗ ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದಕ್ಕಾಗಿ ಇನ್ನೊಂದು ವರ್ಷ ಓದಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಫೆಲೋಶಿಪ್ ಇಲ್ಲದೆ ಸೇರಿದವರು ಮೂರನೆಯ ವರ್ಷಕ್ಕೆ ಯಾವುದೋ ಖಾಸಗಿ ಕಾಲೇಜಿನಲ್ಲಿ ಪೂರ್ತಿ ದಿನ ಪಾಠ ಮಾಡುತ್ತ, ಪ್ರಬಂಧವನ್ನು ದೀಪಾವಳಿ ರಜೆಗೆ, ದಸರಾ ರಜೆಗೆ ಎಂದು ಮುಂದೂಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ನಕಲಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ತಂತ್ರಾಂಶ ಹಿಡಿಯದಿದ್ದರೂ ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ತಮ್ಮದೇ ವಾಕ್ಯವನ್ನು ನಿಮ್ಮ ಪುಟದಲ್ಲಿ ಕಂಡರೆ ಹಿಡಿಯುತ್ತಾರೆ.

ಪ್ರಶ್ನೆ: ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಸೇರಿದ್ದೇನೆ. ನಾನು ಬೆಂಗಳೂರಿನಲ್ಲಿ ಬೆಳೆದವಳು. ಸಂಜೆ ಐದಾದರೆ ಕ್ಯಾಂಪಸ್ಸಿನಲ್ಲಿ ಬಂಡೆ, ನವಿಲು, ನಾನು. ಹೊತ್ತು ಹೋಗುತ್ತಿಲ್ಲ.
— ಬೇಸತ್ತವಳು

ಉತ್ತರ: ನಿನ್ನ ಜಾಗ ನನಗೆ ಕೊಡು. 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರನ್ನು ನೋಡಲು ಜನ ಸಮುದ್ರ ದಾಟಿ ಬರುತ್ತಾರೆ, ನೀನು ಅಲ್ಲಿ ಹಾಸ್ಟೆಲ್ ಊಟ ಸರಿಯಿಲ್ಲ ಎನ್ನುತ್ತ ಕುಳಿತಿದ್ದೀಯ. (ಊಟದ ಬಗ್ಗೆ ನೀನು ಬರೆದ ಪ್ಯಾರಾ ಕತ್ತರಿಸಿದ್ದೇನೆ, ಎಲ್ಲ ಹಾಸ್ಟೆಲ್‌ಗಳಿಂದಲೂ ಅದೇ ಪ್ಯಾರಾ ಬರುತ್ತದೆ.) ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗು. ಅಲ್ಲಿನ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಪ್ರತಿಕೃತಿ ಇದೆ: ಗುಡ್ಡಗಳು, ನದಿ, ಗುಡಿಗಳು ಎಲ್ಲವೂ. ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ ಬಂದರೆ, ಮರುದಿನ ಬಂಡೆಗಳ ನಡುವೆ ನಿಂತಾಗ ಎಲ್ಲಿದ್ದೇನೆಂದು ತಿಳಿಯುತ್ತದೆ. ಬಳಿಕ ವಾರಕ್ಕೊಂದು ಶಾಸನ ಓದಲು ಕಲಿ. ನಿನ್ನ ವಿಷಯ ಯಾವುದೇ ಇರಲಿ, ಹಳಗನ್ನಡ ಲಿಪಿ ಕಲಿಸಿಕೊಡಬಲ್ಲವರು ಅಲ್ಲಿ ಇದ್ದಾರೆ. ಬೆಂಗಳೂರಿನಲ್ಲಿ ಅವರನ್ನು ಭೇಟಿಯಾಗಲು ನೀನು ಸಭೆಯೊಂದರ ಕೊನೆಯ ಸಾಲಿನಲ್ಲಿ ಕಾಯಬೇಕಾಗುತ್ತಿತ್ತು. ಅಲ್ಲಿ ಅವರು ಸಂಜೆ ನಡೆಯಲು ಬರುವ ದಾರಿ ನಿನಗೆ ಗೊತ್ತಿದೆ. ಒಂದು ನಮಸ್ಕಾರ ಹೇಳಿ ಜೊತೆಗೆ ಹೆಜ್ಜೆ ಹಾಕಿದರಾಯಿತು. 

1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ ಆ ವಿಶ್ವವಿದ್ಯಾಲಯದ ಪ್ರಸಾರಾಂಗದ ಪುಸ್ತಕಗಳನ್ನೂ ತಿರುವಿ ನೋಡು. ಅಲ್ಲಿನ ಘಟಿಕೋತ್ಸವವಾದ ನುಡಿಹಬ್ಬ ಬಂದಾಗ ಊರಿಗೆ ಓಡಿಹೋಗಬೇಡ. ನಾಡೋಜ ಗೌರವ ಪಡೆಯಲು ಬರುವವರನ್ನು ಮೂರಡಿ ದೂರದಿಂದ ನೋಡುವ ಅವಕಾಶ ಅದು. ಇಷ್ಟೆಲ್ಲ ಮಾಡಿದ ಮೇಲೂ ಬೇಸರವಾದರೆ ಮತ್ತೆ ಬರೆ, ಮುಂದಿನ ಸಲ ಊಟದ ಪ್ಯಾರಾ ಹಾಕುತ್ತೇನೆ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಪಾಠ ಮಾಡುವವರೆಲ್ಲ ಅತಿಥಿ ಉಪನ್ಯಾಸಕರೇ. ನಾವು ಮೋಸ ಹೋದೆವೇ?
— ವಿದ್ಯಾರ್ಥಿಗಳು, ಕಲಬುರಗಿ ಕಡೆ

ಉತ್ತರ: ಮೋಸ ಹೋಗಿರುವವರು ಅವರು. ನೆಟ್ ಪಾಸಾಗಿ, ಪಿಎಚ್.ಡಿ. ಮುಗಿಸಿ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ರಜೆಯಲ್ಲಿ ಸಂಬಳವಿಲ್ಲದೆ, ಖಾಯಂ ಆದವರಿಗಿಂತ ಹೆಚ್ಚು ಪಾಠ ಮಾಡುವವರನ್ನು ನಾನು ಕಂಡಿದ್ದೇನೆ. ಪಾಠದ ಗುಣಮಟ್ಟದ ಬಗ್ಗೆ ಹೆದರಬೇಡಿ. ಹೆದರಬೇಕಾದದ್ದು ಮುಂದುವರಿಕೆಯ ಬಗ್ಗೆ. ನಿಮ್ಮ ಕಿರುಪ್ರಬಂಧ ಶುರುಮಾಡಿಸಿದವರು ಮುಂದಿನ ವರ್ಷ ಇರುತ್ತಾರೆಂಬ ಖಾತರಿಯಿಲ್ಲ. ವಿಷಯ, ಗ್ರಂಥಸೂಚಿ, ಅಧ್ಯಾಯಗಳ ಯೋಜನೆ ಇವನ್ನು ಮೊದಲ ತಿಂಗಳಲ್ಲೇ ಬರೆಸಿಕೊಂಡು ಸಹಿ ಹಾಕಿಸಿಟ್ಟುಕೊಳ್ಳಿ. ಹುದ್ದೆ ತುಂಬಿ ಎಂದು ಮನವಿ ಕೊಡುವುದಾದರೆ ಅವರ ಬಳಿ ಸಹಿ ಕೇಳಬೇಡಿ, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ.

ಪ್ರಶ್ನೆ: ಎನ್‌ಎಸ್‌ಎಸ್, ಯುವಜನೋತ್ಸವ ಇವೆಲ್ಲ ಓದಿಗೆ ಅಡ್ಡಿಯಲ್ಲವೇ? ಮಗ ಡೊಳ್ಳು ಹಿಡಿದುಕೊಂಡೇ ಓಡಾಡುತ್ತಾನೆ.
— ತಾಯಿ, ಸಾಗರ

ಉತ್ತರ: ತಾಯಿ, ಎನ್‌ಎಸ್‌ಎಸ್‌ಗೆ ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಅಷ್ಟರಿಂದ ಯಾರೂ ಫೇಲಾಗಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಯುವಜನೋತ್ಸವದ ತಂಡಕ್ಕೆ ಸೇರಲು ಕಾಲೇಜು ಕಾಲೇಜುಗಳ ನಡುವೆ ಪೈಪೋಟಿ. ಸಣ್ಣದರಲ್ಲಿ ಡೊಳ್ಳಿಗೆ ಹನ್ನೆರಡು ಜನ ಬೇಕೆಂದರೆ ಇರುವ ಹುಡುಗರನ್ನೆಲ್ಲ ಎಳೆದು ತರಬೇಕು, ತತ್ತ್ವಶಾಸ್ತ್ರದವನೂ ಬಾರಿಸಲೇಬೇಕು. ಮೊದಲ ವಾರ ಹೆಗಲ ಮೇಲೆ ಪಟ್ಟಿಯ ಕೆಂಪು ಗೆರೆ, ಅಂಗೈಯಲ್ಲಿ ಬೊಬ್ಬೆ, ರಾತ್ರಿ ಹಾಸ್ಟೆಲ್‌ನಲ್ಲಿ ನೋವಿನೆಣ್ಣೆಯ ವಾಸನೆ. ಮೂರನೆಯ ವಾರಕ್ಕೆ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುತ್ತಾರೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ವಲಯ ಮಟ್ಟದ ಉತ್ಸವಕ್ಕೆ ಹೋದರೆ ದೊಡ್ಡ ವಿಶ್ವವಿದ್ಯಾಲಯದ ತಂಡಗಳ ಎದುರು ಅದೇ ವೇದಿಕೆಯಲ್ಲಿ ನಿಲ್ಲುತ್ತಾನೆ. ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ಹೇಳಿ. ಉತ್ಸವಕ್ಕೆ ಹೋದ ದಿನಗಳ ಹಾಜರಾತಿಗೆ ಮೊದಲೇ ಲಿಖಿತ ಅನುಮತಿ ಪಡೆಯಲಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಇನಿಷಿಯಲ್ಲೇ ಇಲ್ಲ. ಯಾವುದನ್ನು ತಿದ್ದಿಸಲಿ?
— ಮೂರು ಹೆಸರಿನವನು, ಅರಸೀಕೆರೆ

ಉತ್ತರ: ಎಸ್‌ಎಸ್‌ಎಲ್‌ಸಿಯನ್ನು ಮುಟ್ಟಬೇಡಿ, ಉಳಿದ ಎರಡನ್ನೂ ಅದಕ್ಕೆ ಹೊಂದಿಸಿ. ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ, ಎಸ್‌ಎಸ್‌ಎಲ್‌ಸಿ ಪ್ರತಿ ಲಗತ್ತಿಸಿ. ಅಚ್ಚಾದ ಮೇಲೆ ತಿದ್ದಿಸುವುದಕ್ಕೆ ಶುಲ್ಕ, ಅಫಿಡವಿಟ್, ಓಡಾಟ ಎಲ್ಲ ಬೇಕು. ಘಟಿಕೋತ್ಸವಕ್ಕೆ ಮುಂಚೆ ಪಟ್ಟಿಯನ್ನು ಪರಿಶೀಲನೆಗೆಂದು ಪ್ರಕಟಿಸುತ್ತಾರೆ, ಬಹುತೇಕರು ತಮ್ಮ ಹೆಸರು ಇದೆಯೇ ಎಂದಷ್ಟೇ ನೋಡಿ ಹೊರಡುತ್ತಾರೆ. ಅಕ್ಷರ ಅಕ್ಷರ ಓದಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಇನಿಷಿಯಲ್‌ನ ಪಕ್ಕದ ಚುಕ್ಕೆಯನ್ನೂ ನೋಡಿ.